ಎಡಗಡೆಯ ಸರಳು

ಹೋದ ವಾರ ಪಕ್ಕದ ಮನೆಯವಳು ಮಂಚ ಕೇಳಲು ಬಂದಳು. ತಿ. ನರಸೀಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಹಳೆಯ ಗೋಣಿಚೀಲಗಳ ಅಡಿ, ಒಂದು ಕಬ್ಬಿಣದ ಮಂಚ ಬಿದ್ದಿದೆ. ತಲೆಯ ಕಡೆ ಎತ್ತರಿಸಬಹುದಾದದ್ದು. ಮಲಗಿದವರು ಉರುಳಿ ಬೀಳದಂತೆ ಎರಡೂ ಪಕ್ಕ ಸರಳುಗಳಿವೆ. ಇಂಥದೊಂದು ನಮ್ಮಲ್ಲಿದೆ ಎಂದು ಬೀದಿಗೆಲ್ಲ ಗೊತ್ತು.

"ನಮ್ಮತ್ತೆಗೆ ಸ್ಟ್ರೋಕ್ ಆಗೈತಕ್ಕ," ಎಂದಳು. "ಎಡಗೈ, ಎಡಗಾಲು ಎರಡೂ ಆಡ್ತಿಲ್ಲ. ಏನೋ ಪುಣ್ಯ, ಮಾತು ಮಾತ್ರ ಚೆನ್ನಾಗೈತೆ. ಬೇಗ ಉಸಾರಾಯ್ತಾರೆ ಅಂತಾವ್ರೆ ಎಲ್ಲ."

ಇಬ್ಬರೂ ಸೇರಿ ಗೋಣಿಚೀಲಗಳನ್ನು ಎಳೆದುಹಾಕಿದೆವು. ತುಕ್ಕು, ಹಳೆಯ ನೋವಿನೆಣ್ಣೆ, ಅದರೊಳಗೆಲ್ಲೋ ಒದ್ದೆ ವಿಭೂತಿ... ಆ ವಾಸನೆ ಎದ್ದು ಬಂದು ಮೂಗಿಗೆ ಬಡಿಯಿತು. ಎಡಗಡೆಯ ಸರಳಿಗೆ ಕಟ್ಟಿದ್ದ ಕೆಂಪು ಸೀರೆಯ ಅಂಚು ಹಾಗೇ ಇತ್ತು. ಬಣ್ಣ ಮಾಸಿ ಇಟ್ಟಿಗೆಪುಡಿಯಂತಾಗಿತ್ತು. ಗಂಟು ಮಾತ್ರ ಸಡಿಲವಾಗಿರಲಿಲ್ಲ. ಅದನ್ನು ಅಲ್ಲಿ ಕಟ್ಟಿದ್ದು ಒಬ್ಬ ಮನುಷ್ಯ ಎಡಕ್ಕೆ ತಿರುಗಿ ನೋಡಲಿ ಎಂದು. ಅವನು ನೋಡಲಿಲ್ಲ.

ಅವನು ನನ್ನ ದೊಡ್ಡಪ್ಪ. ನಾನು ಅವನನ್ನು ಪ್ರೀತಿಸಿದವಳಲ್ಲ. ಸತ್ತವರ ಬಗ್ಗೆ ಬರೆಯುವಾಗ ದನಿ ತಗ್ಗಿಸಬೇಕು ಎನ್ನುವವರು ಇದನ್ನು ಓದದಿದ್ದರೂ ನಡೆಯುತ್ತದೆ.

ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವಳು. ಒಬ್ಬನೇ ಸಾಕ್ಷಿಯ ಮಾತನ್ನು, ಅದರಲ್ಲೂ ಹಗೆಯಿರುವ ಸಾಕ್ಷಿಯ ಮಾತನ್ನು, ಹಾಗೇ ನುಂಗಬೇಡಿ ಎಂದು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಇಲ್ಲಿ ಆ ಸಾಕ್ಷಿ ನಾನೇ. ಹಾಗಾಗಿ ಯಾವುದು ತಾನಾಗಿ ನೆನಪಿರುವುದು, ಯಾವುದು ನಾನು ಹಟಹಿಡಿದು ನೆನಪಿಟ್ಟುಕೊಂಡದ್ದು ಎಂದು ಬಿಡಿಸುತ್ತಾ ಹೋಗಲು ನೋಡುತ್ತೇನೆ. ಎಲ್ಲ ಕಡೆ ಸಾಧ್ಯವಾಗಲಿಕ್ಕಿಲ್ಲ.

ಮಂಚವನ್ನು ಮೊದಲು ತಂದದ್ದು ಅಪ್ಪನಿಗೆ. ಅಪ್ಪ, ದೊಡ್ಡಪ್ಪ ಇಬ್ಬರೂ ಸೇರಿ ತಿ. ನರಸೀಪುರದಲ್ಲಿ ಭತ್ತದ ಮಂಡಿ ನಡೆಸುತ್ತಿದ್ದರು. ದೊಡ್ಡಪ್ಪನ ಸಂಸಾರ ನಂಜನಗೂಡಿನಲ್ಲಿತ್ತು; ಮಂಡಿಯಲ್ಲಿ ದಿನವೂ ಕೂರುತ್ತಿದ್ದವನು ಅಪ್ಪ. ತಕ್ಕಡಿಯ ಹತ್ತಿರ ನಿಂತು ರೈತರೊಡನೆ ಹರಟುವುದೇ ಅವನ ವ್ಯಾಪಾರವಾಗಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೇ ಬಚ್ಚಲ ಗೋಡೆಗೆ ಒರಗಿ ಕುಸಿದ. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿದೆ ಎಂದರು ಮೈಸೂರಿನ ಡಾಕ್ಟರು. ಬಲಗೈ ಹೋಯಿತು, ಬಲಗಾಲು ಹೋಯಿತು. ಮಾತು ಪೂರ್ತಿ ಹೋಯಿತು.

ದೊಡ್ಡಪ್ಪ ಹಣ್ಣು ಹಿಡಿದುಕೊಂಡು ನೋಡಲು ಬಂದ. ಮಂಚದ ಪಕ್ಕ ಕೂತು, ಮಲಗಿದ್ದ ಅಪ್ಪನ ಮೇಲಿಂದ ಅಮ್ಮನ ಜೊತೆ ಮಾತಾಡಿದ.

"ಮಾತೇ ಓದ್ಮೇಲೆ ಇನ್ನೇನವ್ವ ಉಳೀತು? ಬುದ್ಧೀನೂ ಅದ್ರ ಜೊತೇಲೇ ಓಯ್ತದೆ. ನೀವು ಮಗೀನಂಗೆ ನೋಡ್ಕೊಳಿ ಇವನ್ನ. ಮಂಡಿ ನಾ ನೋಡ್ಕೋತೀನಿ."

ಅಪ್ಪ ಎಡಗೈಯಿಂದ ಎಡಗಡೆಯ ಸರಳನ್ನು ಹಿಡಿದು ಧಣಧಣ ಅಲ್ಲಾಡಿಸಿದ. ಬಾಯಿಂದ ಏನೋ ಒಂದು ಸದ್ದು ಬಂತು. ದೊಡ್ಡಪ್ಪ ಅಮ್ಮನ ಕಡೆ ನೋಡಿ, "ನೋಡವ್ವ, ಮಕ್ಳಂಗೆ ಆಡ್ತಾನೆ" ಎಂದ. ಇದು ನನ್ನ ಕಣ್ಣೆದುರು ನಡೆದದ್ದು. ಇದರಲ್ಲಿ ನನಗೆ ಅನುಮಾನವಿಲ್ಲ. ಅಪ್ಪನ ಕಣ್ಣಂಚಿನಿಂದ ನೀರು ಕಿವಿಯೊಳಗೆ ಇಳಿಯುತ್ತಿತ್ತು, ಒರೆಸಿದವಳು ನಾನೇ.

ಅಪ್ಪನಿಗೆ ಬುದ್ಧಿ ಹೋಗಿರಲಿಲ್ಲ. ಏನೇನು ಹೋಗಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅಳುತ್ತಿದ್ದ, ತಟ್ಟೆ ಎಸೆಯುತ್ತಿದ್ದ, ಮತ್ತು ದಿನಾ ಬೆಳಿಗ್ಗೆ ಎಡಗೈಯಲ್ಲಿ ಅದೇ ಸರಳನ್ನು ಹಿಡಿದು ಮೈಯನ್ನು ಎಳೆದು ಎಬ್ಬಿಸುತ್ತಿದ್ದ. ಹಿಡಿದು ಹಿಡಿದು ಆ ಜಾಗದ ಹಸಿರು ಬಣ್ಣ ಸವೆದು ಕಬ್ಬಿಣ ಹೊಳೆಯತೊಡಗಿತು. ಮೊದಲು ಕೂತ. ಆಮೇಲೆ ಗೋಡೆ ಹಿಡಿದು ನಿಂತ. ಆ ವರ್ಷದ ಬೇಸಿಗೆಯ ಹೊತ್ತಿಗೆ ಕಾಲೆಳೆದುಕೊಂಡು ಹೊಳೆಯ ಮೆಟ್ಟಿಲವರೆಗೆ ಹೋಗಿಬರುತ್ತಿದ್ದ. ಪೂಜೆಯನ್ನೂ ಬಿಡಲಿಲ್ಲ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ನೀರೆರೆದು, ಪತ್ರೆ ಇಟ್ಟು ಪೂಜೆ ಮಾಡುತ್ತಾರೆ. ಅಪ್ಪನ ಎಡಗೈ ಲಿಂಗವನ್ನು ಹಿಡಿಯುತ್ತಿತ್ತು, ಬಲಗೈಯಾಗಿ ಅಮ್ಮ ನೀರೆರೆಯುತ್ತಿದ್ದಳು. ಮಾತು ಮಾತ್ರ "ಹೂಂ", "ಬಾ" ದಾಟಿ ಬರಲಿಲ್ಲ.

ನಡೆಯಲು ಬಂದ ಮೇಲೆ ಒಂದು ದಿನ ಅವನೊಬ್ಬನೇ ಮಂಡಿಗೆ ಹೋದ. ದೊಡ್ಡಪ್ಪ ಅವನನ್ನು ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಕೂರಿಸಿ, ಕಿವುಡನಿಗೆ ಹೇಳುವಂತೆ ಕೂಗಿ, "ಬಾಪ್ಪ ಬಾ, ಟೀ ಕುಡಿ" ಎಂದನಂತೆ. ಅಪ್ಪ ಟೀ ಕುಡಿಯದೆ ವಾಪಸ್ ಬಂದ. ಮತ್ತೆ ಆ ಕಡೆ ಹೋಗಲಿಲ್ಲ. ಆ ಸ್ಟೂಲು, ಅದರ ಮೇಲೆ ಕೂತ ಅಪ್ಪನ ಬಗ್ಗಿದ ಬೆನ್ನು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ದಿನ ನಾನು ಮೈಸೂರಿನಲ್ಲಿ ಎಂ.ಎ. ಕ್ಲಾಸಿನಲ್ಲಿದ್ದೆ. ಅಮ್ಮ ಹೇಳಿದ್ದನ್ನು ನಾನು ನೋಡಿದ್ದನ್ನಾಗಿ ಮಾಡಿಕೊಂಡಿದ್ದೇನೆ. ಅದು ಗೊತ್ತಿದ್ದೂ ಚಿತ್ರ ಅಳಿಸುವುದಿಲ್ಲ.

ಅಪ್ಪ ಕೆಲವು ವರ್ಷ ಹಾಗೇ ಬದುಕಿ, ಯಾವುದೋ ಜ್ವರದಲ್ಲಿ ಹೋದ. ದೊಡ್ಡಪ್ಪ ಕೊನೆಯವರೆಗೂ ಊರವರಿಗೆಲ್ಲ ಹೇಳುತ್ತಿದ್ದದ್ದು ಒಂದೇ: ತಮ್ಮನಿಗೆ ತಲೆ ಕೆಟ್ಟಿತ್ತು.

ಆಮೇಲೆ ನನಗೆ ನಂಜನಗೂಡಿನ ಕಾಲೇಜಿನಲ್ಲಿ ಕೆಲಸವಾಯಿತು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ದೊಡ್ಡಪ್ಪನ ಮನೆಯ ಬೀದಿಯಲ್ಲಿ ಹಾದರೂ ಒಳಗೆ ಹೋಗುತ್ತಿರಲಿಲ್ಲ. ಒಂದು ದಿನ ಅವನ ಸೊಸೆಯ ಫೋನು ಬಂತು. ಅವಳು ಕವಲಂದೆಯವಳು, ನನಗೆ ಅತ್ತಿಗೆ. "ಮಾವಾರ್ಗೆ ಲಕ್ವ ಒಡೆದೈತೆ ಕಣಮ್ಮಿ. ನಿಮ್ಮಪ್ಪಾರ್ಗಾದಾಗ ನೀನೇ ಅಲ್ವಾ ನೋಡ್ಕೊಂಡಿದ್ದು... ನಂಗೇನೂ ತಿಳೀತಿಲ್ಲ. ಬಾರಮ್ಮಿ." ಅವನಿಗಾಗಿ ಹೋಗುತ್ತಿರಲಿಲ್ಲ. ಅವಳಿಗಾಗಿ ಹೋದೆ. ಮಂಚವೂ ಟೆಂಪೋದಲ್ಲಿ ಹಿಂದೆಯೇ ನಂಜನಗೂಡಿಗೆ ಬಂತು.

ಮೈಸೂರಿನ ಆಸ್ಪತ್ರೆಯಲ್ಲಿ ದೊಡ್ಡಪ್ಪ ದಿಂಬಿಗೆ ಒರಗಿ ಕೂತು ನರ್ಸಿನ ಜೊತೆ ಅಕ್ಕಿ ರೇಟು ಮಾತಾಡುತ್ತಿದ್ದ. ಎಡಗೈ ಹೊದಿಕೆಯ ಮೇಲೆ ಬೇರೆ ಯಾರೋ ಇಟ್ಟು ಮರೆತುಹೋದ ಸಾಮಾನಿನಂತೆ ಬಿದ್ದಿತ್ತು. ನೋಡಲು ಬಂದವರು ಒಬ್ಬರಾದ ಮೇಲೊಬ್ಬರು ಅದನ್ನೇ ಹೇಳಿದರು: "ಮಾತು ನೋಡ್ರಿ ಎಂಗೈತೆ! ಸಂಕ್ರಾಂತಿ ಒತ್ಗೆ ಎದ್ ಓಡಾಡ್ತಾರೆ." ದೊಡ್ಡಪ್ಪನೂ ನಗುತ್ತಿದ್ದ. "ಸುಮ್ಸುಮ್ನೆ ರೋಗಿ ಮಾಡಿ ಮಲ್ಗ್ಸವ್ರೆ ಕಣ್ಲಾ ನನ್ನ. ನಂಗೇನಾಗೈತೆ? ಬೆಳಿಗ್ಗೆ ತಾನೇ ಒಳೆ ತಂಕ ಓಗ್ ಬಂದೆ."

ಡಾಕ್ಟರು ಅಣ್ಣನನ್ನೂ, ಎಂದರೆ ದೊಡ್ಡಪ್ಪನ ಮಗನನ್ನೂ, ಅತ್ತಿಗೆಯನ್ನೂ ನನ್ನನ್ನೂ ಹೊರಗೆ ಕರೆದರು. ಈ ಸಲ ಬಲಭಾಗದ ಮೆದುಳು, ಹಿಂದುಗಡೆ, ಎಂದರು. ಎಡಭಾಗಕ್ಕೆ ಹೊಡೆದರೆ ಸಾಮಾನ್ಯವಾಗಿ ಮಾತು ಹೋಗುತ್ತದೆ, ಆದರೆ ತನಗೆ ಏನಾಗಿದೆ ಎಂದು ರೋಗಿಗೆ ಗೊತ್ತಿರುತ್ತದೆ. ಹಟ ಮಾಡಿ ಕಲಿಯುತ್ತಾರೆ. ಇವರಿಗೆ ಎಡಗಡೆ ಎನ್ನುವುದೇ ಇಲ್ಲ. ಕಣ್ಣು ಕುರುಡಾಗಿಲ್ಲ, ಗಮನ ಆ ಕಡೆ ಹೋಗುವುದಿಲ್ಲ. ಕೈ ಬಿದ್ದಿದೆ ಎಂದರೂ ನಂಬುವುದಿಲ್ಲ. ಏನೂ ಆಗಿಲ್ಲ ಎನ್ನುವವರಿಗೆ ವ್ಯಾಯಾಮ ಮಾಡಿಸುವುದು ಬಹಳ ಕಷ್ಟ. "ಎಲ್ಲರಿಗೂ ಹೀಗೇ ಅಂತ ಹೇಳಕ್ಕಾಗಲ್ಲ. ಆದ್ರೆ ಮಾತು ಚೆನ್ನಾಗಿದೆ ಅಂತ ಮೋಸ ಹೋಗ್ಬೇಡಿ" ಎಂದರು. ಅಣ್ಣ ತಲೆಯಾಡಿಸಿದ. ಮೋಸ ಹೋದ.

ಎರಡು ಲಕ್ವಗಳನ್ನು ಅಕ್ಕಪಕ್ಕ ಇಟ್ಟು ಕಥೆ ಕಟ್ಟುವುದು ಸುಲಭ. ಒಳ್ಳೆಯವನಿಗೆ ಮೆದುಳಿನ ಎಡಗಡೆ, ಕೆಟ್ಟವನಿಗೆ ಬಲಗಡೆ. ನನಗೇ ಅದು ಸಾಕಷ್ಟು ಸಲ ಹಿತವಾಗಿ ಕಂಡಿದೆ. ಆದರೆ ರಕ್ತದ ಹೆಪ್ಪಿಗೆ ಯಾರು ಎಂಥವರೆಂದು ತಿಳಿದಿರುವುದಿಲ್ಲ. ಅದು ಸಿಕ್ಕಿಕೊಂಡ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟೆ.

ಮನೆಗೆ ಬಂದ ಮೇಲೆ ಮೊದಲು ಶುರುವಾದದ್ದು ಊಟದ ಜಗಳ. ಅತ್ತಿಗೆ ತಟ್ಟೆಗೆ ಮುದ್ದೆ, ಸಾರು, ಪಲ್ಯ ಬಡಿಸಿ ಕೊಡುತ್ತಿದ್ದಳು. ಅವನು ಬಲಗಡೆ ಇದ್ದದ್ದನ್ನು ಮಾತ್ರ ತಿಂದು, ಎಡಗಡೆಯದನ್ನು ಹಾಗೇ ಬಿಟ್ಟು, ಇನ್ನೂ ಹಸಿವು ಎಂದು ಕೂಗುತ್ತಿದ್ದ. "ಅರ್ಧ ಒಟ್ಟೆಗೆ ಇಕ್ತಾಳೆ ಕಣ್ರಯ್ಯ ಇವ್ಳು. ನನ್ ಮನೇಲಿ ನಂಗೇ ಲೆಕ್ಕ!" ಬಂದವರೆಲ್ಲ ಇದನ್ನು ಕೇಳಿದರು. ತಟ್ಟೆಯನ್ನು ಯಾರೂ ನೋಡಲಿಲ್ಲ. ಅಷ್ಟು ಸ್ಪಷ್ಟವಾಗಿ, ಅಷ್ಟು ನೋವಿನಿಂದ ಹೇಳುವ ಮನುಷ್ಯ ಸುಳ್ಳು ಹೇಳುತ್ತಾನೆಯೇ? ಸೊಸೆ ಮಾವನನ್ನು ಉಪವಾಸ ಕೆಡವಿದ್ದಾಳೆ ಎನ್ನುವುದು ಆ ಬೀದಿಯಿಂದ ಕವಲಂದೆಗೂ ತಲುಪಿತು.

ಎರಡನೆಯದು ಲಿಂಗ. ಸ್ನಾನ ಮಾಡಿಸಿ ಹಣೆಗೆ ವಿಭೂತಿ ಹಚ್ಚಿ, ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಅವನ ಎಡ ಅಂಗೈಗೆ ಇಡುವುದು. ಬಿದ್ದ ಕೈಯಾದ್ದರಿಂದ ಅದರ ಕೆಳಗೆ ಅತ್ತಿಗೆ ತನ್ನ ಕೈ ಆನಿಸಿ ಹಿಡಿಯುವುದು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮನೆಗೆ ಬರುವ ಜಂಗಮ ಅಯ್ನೋರನ್ನು ಕೇಳಿಯೇ ಅವಳು ಹಾಗೆ ಮಾಡುತ್ತಿದ್ದದ್ದು. ಅವನು ಬಲಗೈಯಲ್ಲಿ ನೀರಿನ ತಂಬಿಗೆ ಹಿಡಿದುಕೊಂಡು ಬಲಗಡೆಯೆಲ್ಲ ಹುಡುಕುತ್ತಿದ್ದ. ಮಡಿಲು, ದಿಂಬಿನ ಸಂದಿ, ಹೊದಿಕೆಯ ಮಡಿಕೆ.

"ಎಲ್ಲಿ? ಎಲ್ಲಿ ನನ್ ಲಿಂಗ?"

"ಕೈಲೈತೆ ಮಾವ. ಈ ಕಡೆ ತಿರುಗಿ."

"ಕದ್ದವ್ಳೆ! ಲಿಂಗ ಕದ್ದವ್ಳೆ ಕಳ್ಳಿ!"

ದಿನಾ ಬೆಳಿಗ್ಗೆ. ಬೀದಿಗೆ ಕೇಳುವಂತೆ.

ತಾಂಡವಪುರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಫಿಸಿಯೋ ಹುಡುಗಿ ಮಂಚವನ್ನು ತಿರುಗಿಸಿ ಹಾಕಿಸಿದಳು. ಗೋಡೆ ಬಲಗಡೆ ಬರಬೇಕು, ಬಾಗಿಲು, ಜನ, ಟೀವಿ ಎಲ್ಲ ಎಡಗಡೆ. ಅವರು ಹುಡುಕಿಕೊಂಡು ಎಡಕ್ಕೆ ಬರಬೇಕು, ನಾವೇ ಬಲಕ್ಕೆ ಹೋಗಿ ಕೊಡಬಾರದು ಎಂದಳು. ಎಡ ಅಂಚಿಗೆ ಎದ್ದು ಕಾಣುವ ಬಣ್ಣ ಏನಾದರೂ ಕಟ್ಟಿ, ಅದು ಕಾಣುವವರೆಗೆ ತಿರುಗಿ ಎಂದು ಹೇಳುತ್ತಿರಿ ಎಂದಳು. ಅತ್ತಿಗೆ ತನ್ನ ಕೆಂಪು ಸೀರೆಯ ಅಂಚು ಹರಿದು ಸರಳಿಗೆ ಕಟ್ಟಿದಳು. ಅಪ್ಪ ಹಿಡಿದು ಬಣ್ಣ ಸವೆದಿದ್ದ ಜಾಗಕ್ಕೇ. ಅದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಊಟಕ್ಕೆ ತಿರುಗಲಿಲ್ಲ, ಟೀವಿಗೆ ತಿರುಗಲಿಲ್ಲ, ಮಗ ಕರೆದರೂ ತಿರುಗಲಿಲ್ಲ. ಲಿಂಗಕ್ಕೆ ಮಾತ್ರ ಅವನ ಕತ್ತು ಸ್ವಲ್ಪ ಸ್ವಲ್ಪ ಸರಿಯತೊಡಗಿತು. ಬೈಯುತ್ತಲೇ ಹುಡುಕುತ್ತಿದ್ದ, ಹುಡುಕುತ್ತಾ ಮೂಗಿನ ನೇರ ದಾಟುತ್ತಿದ್ದ. ಒಂದು ದಿನ ಅವನ ಕಣ್ಣು ಆ ಕೆಂಪಿನ ಹತ್ತಿರದವರೆಗೆ ಬಂದು ನಿಂತಿತು. "ಅದೇನದು ಕೆಂಪ್ಗೆ?" ಎಂದ. ಅತ್ತಿಗೆ ಲಿಂಗವಿದ್ದ ಅವನ ಅಂಗೈಯನ್ನು ಇನ್ನಷ್ಟು ಎತ್ತಿ ಹಿಡಿದಳು. ಮರುಗಳಿಗೆ ಕಣ್ಣು ಬಲಕ್ಕೆ ಜಾರಿತು.

"ಅವನಿಗ್ಯಾಕತ್ತಿಗೆ ಇಷ್ಟೆಲ್ಲ ಮಾಡ್ತೀರಿ? ದಿನಾ ಕಳ್ಳಿ ಅನ್ನಿಸ್ಕೊಂಡು," ಎಂದೆ ಹಿತ್ತಲಲ್ಲಿ ಬಟ್ಟೆ ಹಿಂಡುವಾಗ.

"ಅವ್ರಿಗಲ್ಲ ಕಣಮ್ಮಿ, ನಂಗೆ." ಸೀರೆಯನ್ನು ಹಗ್ಗಕ್ಕೆ ಎಸೆದಳು. "ಬೀದಿ ತುಂಬ ಅಂದೋರು ಅವ್ರೇ. ಒಂದಿನ ಈ ಕಡೆ ತಿರುಗ್ಲಿ. ಕಣ್ಣಾರೆ ನೋಡ್ಲಿ. ಕದ್ದಿಲ್ಲ ಅಂತ ಅದೇ ಬಾಯಲ್ಲಿ ಏಳ್ಲಿ. ಆಮೇಲೆ ಬೇಕಾದ್ರೆ ಸಾಯ್ಲಿ, ಬದುಕ್ಲಿ."

ನಾನೂ ಅದನ್ನೇ ಬಯಸುತ್ತಿದ್ದೆ. ಅವನು ಹುಷಾರಾಗಬೇಕು. ಪೂರ್ತಿ ಎದ್ದು ಕೂತು, ಎರಡೂ ಕಣ್ಣಿನಿಂದ ನೋಡಿ, ತನಗೂ ಹೀಗಾಗಿತ್ತು ಎಂದು ತಿಳಿದು, ಆಗ ತಮ್ಮನ ನೆನಪಾಗಬೇಕು. ಅವನ ಮಗನಿಗೂ ಅವನ ಆರೋಗ್ಯದ ಮೇಲೆ ಅಷ್ಟು ಆಸೆ ಇದ್ದಿರಲಾರದು. ಇಬ್ಬರು ಹೆಂಗಸರು ಒಬ್ಬ ಮನುಷ್ಯನ ಚೇತರಿಕೆಗೆ ಹಗೆಯಿಂದಲೇ ದುಡಿದೆವು.

ಒಂದು ಸಂಜೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಅವನ ಎಡಗಡೆ ಸ್ಟೂಲು ಹಾಕಿಕೊಂಡು ಕೂತು ಹೇಳಿದೆ: "ದೊಡ್ಡಪ್ಪ, ಅಪ್ಪನಿಗೆ ತಲೆ ಕೆಟ್ಟಿರಲಿಲ್ಲ. ನೀವು ಅಂದಿದ್ದೆಲ್ಲ ಅವರಿಗೆ ಗೊತ್ತಾಗ್ತಿತ್ತು. ಮಂಡಿ ಹೊರಗೆ ಕೂರಿಸಿದ್ದೂ."

ಅವನು ಬಲಕ್ಕೆ ತಿರುಗಿದ. ಅಲ್ಲಿ ಗೋಡೆ, ಗೋಡೆಯ ಮೇಲೆ ರಸಗೊಬ್ಬರದ ಅಂಗಡಿಯ ಕ್ಯಾಲೆಂಡರು. ಕ್ಯಾಲೆಂಡರಿಗೆ ಬಹಳ ಸೌಜನ್ಯದಿಂದ, "ಯಾರವ್ವ? ಕೂತ್ಕೋ" ಎಂದ. ಆಮೇಲೆ, "ನನ್ ತಮ್ಮನಾ? ಪಾಪ, ಎದ್ದೇಳಕೇ ಆಗ್ಲಿಲ್ಲ ಅವ್ನ ಕೈಲಿ. ನನ್ನ ನೋಡು, ಬೆಳಿಗ್ಗೆ ಒಳೆ ತಂಕ ಓಗ್ ಬಂದೆ" ಎಂದ. ಹೊಳೆಯವರೆಗೆ ನಡೆದವನು ಅಪ್ಪ. ಈ ಕೊನೆಯ ಮಾತನ್ನು ಅವನು ಆ ಸಂಜೆ ಆಡಿದನೋ, ಆಸ್ಪತ್ರೆಯಲ್ಲಿ ಆಡಿದ್ದನ್ನು ನಾನು ಇಲ್ಲಿಗೆ ತಂದು ಜೋಡಿಸಿದೆನೋ... ಖಚಿತವಿಲ್ಲ. ಕ್ಯಾಲೆಂಡರು ಖಚಿತ. ನಾನು ಎಡಗಡೆ ಇದ್ದದ್ದು, ಅವನು ನನ್ನನ್ನು ನೋಡದಿದ್ದದ್ದು ಖಚಿತ.

ಕೊನೆಗೆ ಅವನು ಅತ್ತಿಗೆಯ ಕೈನೀರು ಬಿಟ್ಟ. ತಂಬಿಗೆ ತಳ್ಳಿದ. "ಲಿಂಗ ಕದಿಯೋಳ ಕೈಲಿ ನೀರ್ ಮುಟ್ಟಕಿಲ್ಲ. ಇವ್ಳನ್ನ ಅವ್ರಪ್ಪನ ಮನೆಗೆ ಅಟ್ಟು, ಇಲ್ದಿದ್ರೆ ನಾನಿಲ್ಲೇ ಉಪವಾಸ ಸಾಯ್ತೀನಿ," ಎಂದು ಮಗನಿಗೆ ಹೇಳಿದ. ಅಣ್ಣ ಹೆಂಡತಿಯ ಮುಖ ನೋಡಲಿಲ್ಲ. ನಾನು ಡಾಕ್ಟರ ಮಾತನ್ನು ನೆನಪಿಸಿದೆ. "ಬುದ್ಧಿ ನೆಟ್ಟಗೈತೆ ಕಣೇ ಅಪ್ಪಂಗೆ. ನಿನ್ನೆ ತಾನೇ ಭತ್ತದ ರೇಟು ಸರಿಯಾಗಿ ಏಳ್ದ್ರು. ಅಂಥೋರು ಇದೊಂದ್ರಲ್ಲಿ ಸುಳ್ಳೇಳ್ತಾರಾ?" ಎಂದ. ಇಂದು ಕೇಳಿದರೆ ಹಾಗೆ ಹೇಳಲೇ ಇಲ್ಲ ಎನ್ನುತ್ತಾನೆ. ಅವನು ಮರೆತಿರಬಹುದು. ಮರೆಯಲು ಅವನಿಗೂ ಕಾರಣವಿದೆ, ನೆನಪಿಡಲು ನನಗಿರುವ ಹಾಗೆ.

ಕವಲಂದೆಯಿಂದ ಅತ್ತಿಗೆಯ ಅಪ್ಪ ಬಂದರು. ಅಯ್ನೋರನ್ನು ಕರೆಸಿದರು. ದೊಡ್ಡಪ್ಪನನ್ನು ಹಜಾರದ ಕುರ್ಚಿಯಲ್ಲಿ ಕೂರಿಸಿದ್ದಾಯಿತು. ಅತ್ತಿಗೆ ಕಂಬದ ಪಕ್ಕ ನಿಂತಿದ್ದಳು, ಹಿಂದಿನ ಕೋಣೆಯ ಮೂಲೆಯಲ್ಲಿ ಅವಳ ಬಟ್ಟೆಯ ಬ್ಯಾಗು. ಅದನ್ನು ತುಂಬಿಸಿದವಳು ಅವಳೇ. ಯಾರ ಕೈಯಲ್ಲೂ ತುಂಬಿಸಿಕೊಳ್ಳುವುದಿಲ್ಲ ಎಂದಿದ್ದಳು.

ಎಲ್ಲ ಕೇಳಿದ ಅಯ್ನೋರು, "ದಿನಾ ಹೆಂಗೆ ಪೂಜೆ ಮಾಡಿಸ್ತೀಯೋ ಹಂಗೇ ಮಾಡಿಸವ್ವ, ನೋಡಣ" ಎಂದರು.

ಅವಳು ಕೈತೊಳೆದು ಬಂದು, ಕರಡಿಗೆ ತೆರೆದು, ಲಿಂಗವನ್ನು ಅವನ ಎಡ ಅಂಗೈಗೆ ಇಟ್ಟು, ಕೆಳಗೆ ತನ್ನ ಕೈ ಆನಿಸಿದಳು. ಎಲ್ಲರೂ ನೋಡುತ್ತಿದ್ದೆವು.

"ಎಲ್ಲಿ?" ಎಂದ ದೊಡ್ಡಪ್ಪ.

"ನಿಮ್ಮ ಕೈಯಲ್ಲೇ ಇದೆ ಯಜಮಾನ್ರೇ," ಎಂದರು ಅಯ್ನೋರು.

"ಎಲ್ಲೈತೆ? ನೋಡಿ, ಖಾಲಿ!" ಬಲಗೈ ಎತ್ತಿ ತೋರಿಸಿದ.

ಅಯ್ನೋರು ಎದ್ದು ಹತ್ತಿರ ಹೋದರು. ಅತ್ತಿಗೆ ಕೈ ಹಿಂದೆಗೆದುಕೊಂಡಳು. ಅವರು ಆ ಎಡಗೈಯನ್ನು ಲಿಂಗಸಮೇತ ಮೆಲ್ಲಗೆ ಎತ್ತಿ, ಎದೆಯ ಮೇಲಿಂದ ಬಲಕ್ಕೆ ತಂದು, ಅವನ ಕಣ್ಣಿನ ಮುಂದೆ ಹಿಡಿದರು. ದೊಡ್ಡಪ್ಪ ನೋಡಿದ. ಮುಖ ಅರಳಿತು. ಆ ಸಂತೋಷವನ್ನು ನಾನು ಮರೆಯಲಾರೆ. ಕೋರ್ಟಿನಲ್ಲಿ ಗೆದ್ದವನ ಸಂತೋಷ.

"ನೋಡ್ದಿರಾ! ನೋಡ್ದಿರಾ ಅಯ್ನೋರೇ! ನಾ ಏಳ್ಲಿಲ್ವಾ? ಅವ್ಳ ಕೈಲೈತೆ!"

ಅಯ್ನೋರು ಆ ಕೈಯನ್ನು ಇನ್ನಷ್ಟು ಹತ್ತಿರ ತಂದರು.

"ಇದು ನಿಮ್ಮ ಕೈ ಯಜಮಾನ್ರೇ."

"ನನ್ ಕೈ ಯಾಕಾದದು? ನನ್ ಕೈ ಇಲ್ಲೈತಲ್ಲ." ಬಲಗೈಯಿಂದ ತನ್ನದೇ ಎಡಗೈಯ ಬೆರಳು ಹಿಡಿದು ಎಲ್ಲರಿಗೂ ತೋರಿಸಿದ. "ಇದು ನನ್ ಸೊಸೆ ಕೈ. ಉಂಗ್ರ ನೋಡಿ! ನನ್ ಉಂಗ್ರಾನೂ ಆಕ್ಕೊಂಡವ್ಳೆ!"

ಅತ್ತಿಗೆ ದೂರದಲ್ಲಿ, ಎರಡೂ ಕೈ ಖಾಲಿಯಾಗಿ, ಎಲ್ಲರಿಗೂ ಕಾಣುವಂತೆ ನಿಂತಿದ್ದಳು. ಅವಳ ಅಪ್ಪ ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡರು, ನಗುವೋ ಅಳುವೋ ತಿಳಿಯಲಿಲ್ಲ. ಅಣ್ಣ ನೆಲ ನೋಡುತ್ತಾ, "ಅಪ್ಪ... ಸಾಕು ಬಿಡಪ್ಪ" ಎಂದ.

ಅವಳು ಕಳ್ಳಿಯಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಅಯ್ನೋರು ಮನೆಯ ನೆಮ್ಮದಿಗೆ ಒಂದು ದಾರಿ ಹೇಳಿದರು: "ನಾಳೆಯಿಂದ ಬಲಗೈಗೇ ಕೊಡಿ. ಕಾಯಿಲೆ ಶರೀರ. ದೋಷ ಇದ್ರೆ ನನಗಿರಲಿ." ಎಲ್ಲರಿಗೂ ಹೆಗಲ ಭಾರ ಇಳಿದಂತಾಯಿತು. ಅತ್ತಿಗೆ ಮಾತ್ರ ಮುಂದೆ ಬಂದಳು.

"ಬ್ಯಾಡಿ ಅಯ್ನೋರೇ. ಅದೊಂದಕ್ಕೇ ಅವ್ರು ಆ ಕಡೆ ತಿರುಗೋದು. ಕೆಂಪು ಅಂಚಿನ ತಂಕ ಬಂದವ್ರೆ. ಅದನ್ನೂ ಕಿತ್ಕೊಂಡ್ರೆ..."

"ಸುಮ್ನಿರವ್ವ," ಎಂದರು ಅವಳ ಅಪ್ಪ. "ಕದ್ದಿಲ್ಲ ಅಂತ ಎಲ್ರಿಗೂ ತಿಳೀತಲ್ಲ. ಇನ್ನೇನ್ ಬೇಕು ನಿಂಗೆ?"

"ಅವ್ರ ಬಾಯಲ್ಲಿ ಬೇಕು."

ಅವಳ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಅವಳ ಪರವಾಗಿ ಎರಡು ಮಾತು ಆಡಿದೆ, ಅದನ್ನೂ ತೆಗೆದುಕೊಳ್ಳಲಿಲ್ಲ. ಮಾವನ ಬಾಯಲ್ಲಿ ಇನ್ನೂ ಎಷ್ಟು ದಿನ ಕಳ್ಳಿ ಅನ್ನಿಸಿಕೊಳ್ಳುತ್ತೀ ಎಂದು ಕೇಳಿದರು. ಕೇಳಿದ್ದು ಅವಳ ಒಳ್ಳೆಯದಕ್ಕೇ. ಬ್ಯಾಗಿನ ಬಟ್ಟೆಗಳು ಮತ್ತೆ ಬೀರುವಿಗೆ ಹೋದವು.

ಮರುದಿನ ಬೆಳಿಗ್ಗೆ ಲಿಂಗವನ್ನು ಬಲ ಅಂಗೈಗೆ ಇಟ್ಟರು. ಅವನು ನೋಡಿದ, ಕಣ್ಣಿಗೊತ್ತಿಕೊಂಡ. ಅತ್ತಿಗೆ ಈಗ ಬಲಗಡೆ ನಿಂತು ನೀರೆರೆಯುತ್ತಿದ್ದಳು. ಅವಳ ಮುಖವನ್ನು ಅವನು ಎಷ್ಟೋ ದಿನದ ಮೇಲೆ ನೇರವಾಗಿ ನೋಡಿದ.

"ತಂದ್ ಕೊಟ್ಬುಟ್ಟಾ? ಓಗ್ಲಿ ಬಿಡವ್ವ. ಅಯ್ನೋರ್ಗೆ ಎದ್ರ್ಕೊಂಡಾದ್ರೂ ಕೊಟ್ಟಲ್ಲ. ನಾನು ಮನ್ಸಲ್ಲಿಟ್ಕಳಲ್ಲ. ಕ್ಷಮಿಸಿವ್ನಿ ನಿನ್ನ."

ಅವಳ ಕೈಯ ತಂಬಿಗೆ ಅಲ್ಲಾಡಲಿಲ್ಲ. ನೀರಿನ ಧಾರೆಯೂ ಕಡಿಯಲಿಲ್ಲ.

ಮಂಚವನ್ನು ಅಣ್ಣ ಮತ್ತೆ ತಿರುಗಿಸಿ ಹಾಕಿದ. ಎಡಗಡೆ ಗೋಡೆ, ಬಲಗಡೆ ಬಾಗಿಲು. ಬಂದವರೆಲ್ಲ ಅವನಿಗೆ ಕಂಡರು, ಮಾತು ಸರಾಗವಾಯಿತು, ಮನೆ ಶಾಂತವಾಯಿತು. ಕೆಂಪು ಅಂಚು ಗೋಡೆಗೂ ಮಂಚಕ್ಕೂ ನಡುವಿನ ಸಂದಿಗೆ ಸೇರಿತು. ಕತ್ತು ಮತ್ತೆ ಆ ಕಡೆ ತಿರುಗಲಿಲ್ಲ. ಫಿಸಿಯೋ ಹುಡುಗಿಗೆ ಅವನು, "ನಂಗ್ಯಾಕವ್ವ ಇದು, ರೋಗಿಗಳಿಗೆ ಮಾಡ್ಸು ಓಗು" ಎನ್ನುತ್ತಿದ್ದ. ಸ್ವಲ್ಪ ದಿನಕ್ಕೆ ಅವಳನ್ನೂ ಬರಬೇಡ ಎಂದರು. ಒಮ್ಮೆಯೂ ನಿಲ್ಲಲಿಲ್ಲ ಅವನು. ಇನ್ನೆರಡು ವರ್ಷ ಮಲಗಿಕೊಂಡೇ ದಿನಾ ಹೊಳೆಗೆ ಹೋಗಿಬಂದ. ಕೊನೆಗೆ ಎದೆಯಲ್ಲಿ ಕಫ ಕಟ್ಟಿ ಸತ್ತ. ಸಾಯುವವರೆಗೂ ಬಂದವರ ಮುಂದೆ ಸೊಸೆಯನ್ನು ಹೊಗಳುತ್ತಿದ್ದ: "ಮೊದ್ಲು ಸ್ವಲ್ಪ ಕೈ ಚುರುಕಿತ್ತು. ತಿದ್ದಿಕೊಂಡವ್ಳೆ."

ಅವನು ಹುಟ್ಟಾ ಅಂಥವನೋ, ಆ ಒಂದು ಜಾಗಕ್ಕೆ ರಕ್ತ ನಿಂತದ್ದರಿಂದ ಅಂಥವನಾದನೋ ಎಂದು ನಾನು ಬಹಳ ಯೋಚಿಸಿದ್ದೇನೆ. ಲಿಂಗ ಕಾಣದಿದ್ದದ್ದು ರೋಗ. ಕಾಣದೆ ಹೋದ ತಕ್ಷಣ ಸೊಸೆ ಕದ್ದಳು ಎಂದು ಹೊಳೆದದ್ದು? ಅದಕ್ಕೆ ಡಾಕ್ಟರ ಬಳಿ ಸ್ಕ್ಯಾನು ಇಲ್ಲ. ತಮ್ಮನನ್ನು ಹೊರಗೆ ಸ್ಟೂಲಿನ ಮೇಲೆ ಕೂರಿಸುವಾಗ ಅವನ ಮೆದುಳಿನ ಎರಡೂ ಕಡೆ ಚೆನ್ನಾಗಿಯೇ ಇತ್ತು. ಇಷ್ಟು ಹೇಳಬಲ್ಲೆ. ಇದಕ್ಕಿಂತ ನ್ಯಾಯವಾಗಿ ಬರೆಯಲು ನನ್ನಿಂದಾಗುವುದಿಲ್ಲ.

ಅವನ ಸಾವಿಗೆ ನಾನು ಅಳಲಿಲ್ಲ; ಮಂಚವನ್ನು ನಮ್ಮ ಮನೆಗೆ ವಾಪಸ್ ತರಿಸಿಕೊಂಡೆ, ಅಷ್ಟೆ. ಆದರೂ ಏನೋ ಕಳೆದಿದೆ. ಅಪ್ಪನಿಗೆ ಏನಾಯಿತು ಎಂದು ಅವನಿಗೆ ತಿಳಿಯುವ ಒಂದು ಗಳಿಗೆ ಇರಬಹುದಿತ್ತು. ಕೆಂಪು ಅಂಚಿನಿಂದ ಇನ್ನೊಂದು ಗೇಣು ಆಚೆಗಿತ್ತೇನೋ. ಅದು ಹೋಯಿತು. ಅವನಿಗೆ ಹೋದದ್ದೇ ಗೊತ್ತಾಗಲಿಲ್ಲ, ನಮಗಿಬ್ಬರಿಗೆ ಗೊತ್ತಾಯಿತು. ಅತ್ತಿಗೆ ಈಗಲೂ ನಂಜನಗೂಡಿನಲ್ಲಿದ್ದಾಳೆ. ನಿಮ್ಮ ಮಾವನಿಗೆ ನಿಮ್ಮ ಮೇಲೆ ಎಷ್ಟು ಪ್ರೀತಿಯಿತ್ತು ಎಂದು ಯಾರಾದರೂ ಶುರುಮಾಡಿದರೆ ಎದ್ದು ಒಳಗೆ ಹೋಗುತ್ತಾಳೆ.

ಪಕ್ಕದ ಮನೆಯವಳು ಹಸಿಬಟ್ಟೆಯಿಂದ ಮಂಚ ಒರೆಸುತ್ತಿದ್ದಳು. ಗಂಟಿನ ಹತ್ತಿರ ಬಂದಾಗ, "ಈ ಚಿಂದಿ ಬಿಚ್ಚಿಬಿಡ್ಲಾ ಅಕ್ಕ?" ಎಂದಳು.

"ಬೇಡ. ಇರಲಿ. ಮನೇಲಿ ಗೋಡೆ ಅತ್ತೆಯ ಬಲಗಡೆ ಬರೋ ಹಾಗೆ ಹಾಕು. ನೀವೆಲ್ಲ ಎಡಗಡೆ ಕೂತ್ಕೊಳ್ಳಿ."

"ಅಂಗಾದ್ರೆ ನಾವು ಅವ್ರಿಗೆ ಕಾಣೋದೇ ಇಲ್ವಲ್ಲಕ್ಕ? ಆಸ್ಪತ್ರೇಲೂ ಆ ಕಡೆ ಕೂತ್ರೆ ತಿರುಗ್ತಾನೇ ಇರ್ಲಿಲ್ಲ."

"ಕಾಣಲ್ಲ. ಅನ್ನ ಹಾಕ್ಲಿಲ್ಲ ಅಂತಾರೆ, ಏನೋ ಕದ್ದೆ ಅಂತಾರೆ. ಬಂದೋರ ಮುಂದೆಲ್ಲ ಅಂತಾರೆ. ಆದ್ರೂ ಆ ಕಡೇನೇ ಕೂತಿರು."

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. "ನಮ್ಮತ್ತೆ ಅಂಥೋರಲ್ಲ ಬಿಡಕ್ಕ," ಎಂದು ನಕ್ಕಳು.

ಅವಳ ಗಂಡ, ಮೈದುನ ಬಂದು ಮಂಚ ಎತ್ತಿದರು. ಬಾಗಿಲು ಚಿಕ್ಕದು, ಅಡ್ಡ ಮಾಡಬೇಕಾಯಿತು. ಎಡಗಡೆಯ ಸರಳು ನನ್ನ ಕಡೆಗೆ ಬಂತು. ತಿರುಗಿಸಲು ನಾನೂ ಕೈ ಕೊಟ್ಟೆ. ಅಂಚಿನ ಕೆಳಗೆ, ಅಪ್ಪ ಸವೆಸಿದ ಜಾಗದಲ್ಲಿ, ಕಬ್ಬಿಣ ಇನ್ನೂ ನುಣ್ಣಗಿತ್ತು.